ಅರ್ಧ ಗಂಟೆಯ ನೆರಳು

ಸಿದ್ದಲಿಂಗ ದುಬೈಗೆ ಹೋಗಿ ಬಂದಿದ್ದಾನೆ ಎಂಬ ಸುದ್ದಿ ಹಬ್ಬಿದ್ದೇ ತಡ, ಸ್ಟಾಕ್‌ಹೋಮಿಗೆ ಅಂಟಿಕೊಂಡ ಸುಂಡ್‌ಬೀಬೆರ್ಯ್‌ನ ನಮ್ಮ ಕನ್ನಡದ ಮಂದಿ ಅವನನ್ನು ಮುತ್ತಿಕೊಂಡರು. ಚಿನ್ನ ಅಲ್ಲಿ ಅಗ್ಗವಂತಲ್ಲ? ಟ್ಯಾಕ್ಸೇ ಇಲ್ಲವಂತಲ್ಲ? ಮಾಲಿನ ಒಳಗೇ ಹಿಮ ಸುರಿಸಿ ಜಾರುತ್ತಾರಂತಲ್ಲ? ವರ್ಷದ ಐದು ತಿಂಗಳು ಮನೆ ಮುಂದಿನ ಹಿಮದಲ್ಲಿ ಜಾರಿ ಬಿದ್ದು ಸೊಂಟಕ್ಕೆ ಮುಲಾಮು ತಿಕ್ಕಿಕೊಳ್ಳುವ ಜನ, ಮರಳುಗಾಡಿನಲ್ಲಿ ಕರೆಂಟು ಸುಟ್ಟು ಮಾಡಿದ ಹಿಮದ ಸುದ್ದಿಗೆ ಬಾಯಿ ಬಿಡುವುದನ್ನು ನೋಡಿ ನನಗೆ ಮೈ ಉರಿಯಿತು. ಆ ಊರನ್ನು ಕಟ್ಟುತ್ತಿರುವವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಸಿದ್ದಲಿಂಗ ಹೇಳಬೇಕೆಂದು ಬಂದದ್ದು ಅದೊಂದನ್ನೇ.

ಅವನು ನಮ್ಮ ಕಟ್ಟಡದಲ್ಲೇ, ನನ್ನ ಕೆಳಗಿನ ಮಹಡಿಯಲ್ಲಿ ಇದ್ದವನು. ಬಾಗಲಕೋಟೆ ಕಡೆಯವನು. ಹೆಂಡತಿ ಪಾವನಾ ಬೆಂಗಳೂರಿನವಳು. ಮಗಳು ದಿಯಾಗೆ ನಾಲ್ಕು ವರ್ಷ. ದಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಹೋಗಲು ಶುರುಮಾಡಿದ ಮೇಲೆ ಅಪ್ಪ ಕನ್ನಡದಲ್ಲಿ ಕರೆದರೆ ಅವಳು ಸ್ವೀಡಿಷ್‌ನಲ್ಲಿ ಓಗೊಡುತ್ತಿದ್ದಳು. ಬೆಂಗಳೂರಿನವರೇ ತುಂಬಿರುವ ನಮ್ಮ ಕನ್ನಡ ಕೂಟದಲ್ಲಿ ಸಿದ್ದಲಿಂಗ ತನ್ನೂರಿನ ಮಾತನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು 'ಹೌದು ಸರ್, ಬಂದೆ ಸರ್' ಎನ್ನುವ ಮನುಷ್ಯ. ಮೈನಸ್ ಹದಿನೈದರ ಚಳಿಯಲ್ಲಿ, ಕಣ್ಣಿಗೆ ಕಾಣುವಷ್ಟು ದೂರ ಒಂದು ಕಾರೂ ಇಲ್ಲದಿದ್ದರೂ, ಹಸಿರು ದೀಪ ಬರುವ ತನಕ ರಸ್ತೆ ದಾಟುತ್ತಿರಲಿಲ್ಲ. ಕಟ್ಟಡದ ಬಟ್ಟೆ ಒಗೆಯುವ ಕೋಣೆಯಲ್ಲಿ ತನ್ನ ಸರದಿ ಮುಗಿಯುವ ಮೊದಲೇ ನೆಲ ಒರೆಸಿ ಹೊರಬೀಳುತ್ತಿದ್ದ. ಕೂಟದ ಹುಡುಗರು ಇಟ್ಟ ಹೆಸರು 'ರೂಲ್ಸ್ ಸಿದ್ದು'. ಇಂಥವನು ಬಂಡಾಯ ಏಳುತ್ತಾನೆಂದು ಯಾರಾದರೂ ಪಂಥ ಕಟ್ಟಿದ್ದರೆ ನಾನೇ ನಕ್ಕುಬಿಡುತ್ತಿದ್ದೆ.

ಅವನು ಕೆಲಸ ಮಾಡುತ್ತಿದ್ದ ಸ್ಟಾಕ್‌ಹೋಮಿನ ಕಂಪನಿಯ ಹೆಸರು ಬೇಡ. ಕಟ್ಟಡ ಕೆಲಸದ ಜಾಗಗಳಿಗೆ ಗೇಟು ಮಾಡುವ ಕಂಪನಿ. ಕೆಲಸಗಾರ ಕಾರ್ಡು ತೋರಿಸಬೇಕು. ಹಸಿರು ದೀಪ ಹತ್ತಿದರೆ ಒಳಗೆ, ಕೆಂಪು ಹತ್ತಿದರೆ ಇಲ್ಲ. ಸ್ವೀಡನ್ನಿನ ಕಾನೂನಿನ ಪ್ರಕಾರ ಯಾರನ್ನೂ ಐದು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ದುಡಿಸುವಂತಿಲ್ಲ. ಹಾಗಾಗಿ ಐದು ಗಂಟೆ ತುಂಬಿದವನ ಕಾರ್ಡನ್ನು ಗೇಟು ಕೆಂಪು ಮಾಡುತ್ತದೆ. ಅವನು ಅರ್ಧ ಗಂಟೆ ಕೂತು ಬಂದರೆ ಮತ್ತೆ ಹಸಿರು. ಪ್ರೋಗ್ರಾಮಿನೊಳಗೆ ಈ ನಿಯಮಕ್ಕೆ ಒಂದು ಚಿಕ್ಕ ಚೌಕ, ಅದರಲ್ಲಿ ಒಂದು ಟಿಕ್ ಗುರುತು. ಇಲ್ಲಿ ಆ ಟಿಕ್ ತೆಗೆಯುವ ಪ್ರಶ್ನೆ ಯಾರಿಗೂ ಬಂದಿರಲಿಲ್ಲ. ಮನೆಗೆ ಬಾಗಿಲು ಇರಬೇಕೋ ಬೇಡವೋ ಎಂದು ಯಾರಾದರೂ ಚರ್ಚೆ ಮಾಡುತ್ತಾರೆಯೇ?

ಎರಡು ಸಾವಿರದ ಆರರ ಸೆಪ್ಟೆಂಬರ್. ದುಬೈನ ಒಬ್ಬ ಕಂಟ್ರಾಕ್ಟರ್ ಈ ಗೇಟು ಕೊಂಡ. ಅಳವಡಿಸಿ ಬಾ ಎಂದು ಸಿದ್ದಲಿಂಗನನ್ನು ಕಳಿಸಿದರು. ಕಳಿಸಿದವರು ರಮಾನಂದ: ಅದೇ ಕಂಪನಿಯಲ್ಲಿ ದೊಡ್ಡ ಹುದ್ದೆ, ನಮ್ಮ ಕನ್ನಡ ಕೂಟದ ಅಧ್ಯಕ್ಷರು, ಸಿದ್ದಲಿಂಗನಿಗೆ ಈ ದೇಶದಲ್ಲಿ ಕೆಲಸ ಕೊಡಿಸಿದವರು. ದುಬೈನಲ್ಲೊಂದು ಆಫೀಸು ತೆರೆಯಬೇಕು, ಅದಕ್ಕೆ ತಾವೇ ಯಜಮಾನರಾಗಬೇಕು ಎಂಬುದು ಅವರ ಆಸೆ. ತಪ್ಪೇನಿಲ್ಲ, ಆಸೆ ಯಾರಿಗಿಲ್ಲ.

ಬಂದ ಮೇಲೆ ಒಂದು ಸಂಜೆ ನನ್ನ ಅಡುಗೆಮನೆಯಲ್ಲಿ ಕೂತು ಸಿದ್ದಲಿಂಗ ಆ ಊರಿನ ಬಗ್ಗೆ ಹೇಳಿದ. ನನ್ನ ಹತ್ತಿರ ಅವನು ತನ್ನ ಮಾತನ್ನೇ ಆಡುತ್ತಿದ್ದ.

"ಊರು ತೊಳದಿಟ್ಟ ತಾಟಿನಂಗ ಐತ್ರಿ ಅಣ್ಣಾ. ಲಕಲಕಾ ಅಂತೈತಿ. ಉಂಡವರು ಎಲ್ಲಾ ಕಡೆ ಕಾಣತಾರ. ತೊಳದವರು ಮಾತ್ರ ಕಾಣಂಗಿಲ್ಲ."

ಹೋಟೆಲಿನ ಕಿಟಕಿಯಿಂದ ಕೆಳಗೆ ನೋಡಿದರೆ ಹೆದ್ದಾರಿಯ ನಡುವೆ ಹಸಿರು ಹುಲ್ಲು. ಹುಲ್ಲಿಗೆ ಹೊತ್ತುಹೊತ್ತಿಗೆ ಪೈಪಿನಲ್ಲಿ ನೀರು. ಅದೇ ಹೆದ್ದಾರಿಯಲ್ಲಿ ಬೆಳಗಿನ ಜಾವ ಕಿಟಕಿಗೆ ಸರಳು ಹಾಕಿದ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ಒಳಗೆ ನೀಲಿ ಅಂಗಿಯ ಗಂಡಸರು ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು, ಕೂತಲ್ಲೇ ನಿದ್ದೆ. ಬೇಸಿಗೆಯಲ್ಲಿ ನಡು ಮಧ್ಯಾಹ್ನ ಹೊರಗೆ ದುಡಿಸಬಾರದು ಎಂಬ ಕಾನೂನು ಆ ಊರಿನಲ್ಲೂ ಇದೆ. ಅದು ಆಗಸ್ಟಿಗೆ ಮುಗಿಯುತ್ತದೆ. ಸೆಪ್ಟೆಂಬರ್ ಒಂದರಿಂದ ತಣ್ಣಗಾಗು ಎಂದು ಸೂರ್ಯನಿಗೆ ಯಾರೋ ನೋಟಿಸು ಕೊಟ್ಟಿದ್ದಾರೆ ಅಂತ ಕಾಣುತ್ತದೆ! ಕಬ್ಬಿಣದ ಸರಳು ಮುಟ್ಟಿದರೆ ಅಂಗೈ ಚರ್ಮ ಅಂಟಿಕೊಳ್ಳುವಷ್ಟು ಕಾವು. ಕುಡಿಯುವ ನೀರಿನ ಡ್ರಮ್ಮು ಇರುವುದು ನೆಲದ ಮೇಲೆ, ಕೆಲಸ ನಡೆಯುವುದು ಮೂವತ್ತನೇ ಮಹಡಿಯಲ್ಲಿ.

ಸಿದ್ದಲಿಂಗ ಗೇಟನ್ನು ಲಿಫ್ಟಿನ ಬಾಯಿಗೆ ಕೂರಿಸಿದ. ಮೊದಲ ದಿನ ಬೆಳಿಗ್ಗೆ ಆರಕ್ಕೆ ಕೆಲಸ ಶುರುವಾದಾಗ ಎಲ್ಲ ಸರಿಯಾಗಿ ನಡೆಯಿತು. ಹನ್ನೊಂದು ದಾಟಿತು. ನೀರಿಗೆಂದು ಕೆಳಗೆ ಬಂದವರು ಮತ್ತೆ ಮೇಲೆ ಹೋಗಲು ಕಾರ್ಡು ತೋರಿಸಿದರೆ ಕೆಂಪು. ಹಿಂದಿನವನದ್ದೂ ಕೆಂಪು. ಸಾಲು ಸಾಲೇ ಕೆಂಪು. ಮೇಸ್ತ್ರಿ ಓಡಿ ಬಂದ.

"ಏನಾಯ್ತು ಇದಕ್ಕೆ?"

"ಏನೂ ಆಗಿಲ್ಲ. ಅರ್ಧ ಗಂಟೆ ರೆಸ್ಟ್. ಸಿಸ್ಟಮ್ ಇರೋದೇ ಹಾಗೆ" ಎಂದ ಸಿದ್ದಲಿಂಗ. ಅವನಿಗೆ ಆ ಗೇಟು ಬೇರೆ ಥರ ಇರಬಹುದೆಂಬ ಯೋಚನೆಯೇ ಹೊಳೆದಿರಲಿಲ್ಲ. ಸ್ಟಾಕ್‌ಹೋಮಿನಲ್ಲಿ ಹೇಗಿತ್ತೋ ಹಾಗೇ ತಂದು ಕೂರಿಸಿದ್ದ. ಮೇಸ್ತ್ರಿಯೂ ಸುಮ್ಮನಾದ. ಸ್ವೀಡನ್ನಿನ ಯಂತ್ರ, ಯಜಮಾನರು ಕಾಸು ಕೊಟ್ಟು ತರಿಸಿದ್ದು, ಅದು ಹೇಳಿದ ಮೇಲೆ ಮುಗಿಯಿತು. ಜನ ನೀರಿನ ಟ್ಯಾಂಕರಿನ ನೆರಳಿನಲ್ಲಿ ಕೂತರು. ಕೆಲವರು ಕೂತಲ್ಲೇ ಒರಗಿದರು.

ಅವರಲ್ಲೊಬ್ಬ ಸಿದ್ದಲಿಂಗನ ಫೋನಿನ ಮಾತು ಕೇಳಿಸಿಕೊಂಡು ಹತ್ತಿರ ಬಂದ. ಹೆಸರು ರಾಜಶೇಖರ, ಸೇಡಂ ತಾಲ್ಲೂಕಿನವನು, ಸರಳು ಕಟ್ಟುವ ಕೆಲಸ.

"ಸಾಹೇಬ್ರ, ಕನ್ನಡದಾಗ ಮಾತಾಡ್ಲಿಕತ್ತಿದ್ರಲ್ಲ, ಯಾವೂರ್ರೀ ನಿಮ್ದು?"

"ಬಾಗಲಕೋಟಿ. ನಿಂದು?"

"ಸೇಡಂ ಬಾಜು. ಈ ಗೇಟು ನೀವೇ ತಂದೀರೇನ್ರಿ? ಹಗಲೊತ್ತಿನ್ಯಾಗ ನೆಳ್ಳಾಗ ಕುಂತು ಯಾ ಕಾಲಾತೋ. ನಮ್ ಮಂದಿ ಆಗಲೇ ಇದಕ್ಕ ಹೆಸರಿಟ್ಟಾರ್ರಿ. ಅವ್ವ ಅಂತ."

"ಅವ್ವ?"

"ಹೂಂ ಮತ್ತ. 'ಅವ್ವ ಕೆಂಪಗಾಗ್ಯಾಳ, ಕೂಡ್ರೋ ಮಗನ' ಅಂತ ಒಬ್ಬರಿಗೊಬ್ಬರು ಹೇಳ್ಲಿಕತ್ತಾರ. ಮೇಸ್ತ್ರಿ ಮಾತಿಗೆ ಅಂಜತೀವ್ರಿ, ಅವ್ವನ ಮಾತಿಗೆ ಮೇಸ್ತ್ರೀನೇ ಅಂಜತಾನ!"

ಇದನ್ನು ಹೇಳುವಾಗ ಸಿದ್ದಲಿಂಗ ನಕ್ಕ. ಆಮೇಲೆ ಉಳಿದದ್ದನ್ನು ಹೇಳಿದ. ರಾಜಶೇಖರ ದುಬೈಗೆ ಬಂದ ದಿನವೇ ಅವನ ಪಾಸ್‌ಪೋರ್ಟು ಕಂಟ್ರಾಕ್ಟರನ ಬೀರು ಸೇರಿತ್ತಂತೆ. ಬೇರೆ ಕಡೆ ಕೆಲಸಕ್ಕೆ ಹೋಗುವಂತಿಲ್ಲ, ಕೇಳದೆ ಊರಿಗೂ ಹೋಗುವಂತಿಲ್ಲ. ಇಬ್ಬರೂ ಫೋನ್ ನಂಬರು ಕೊಟ್ಟು ತಗೊಂಡಿದ್ದರು.

ಅಕ್ಟೋಬರ್ ಕೊನೆಯ ವಾರ ಕಂಟ್ರಾಕ್ಟರನಿಂದ ದೂರು ಬಂತು. ಗೇಟು ಚೆನ್ನಾಗಿದೆ, ಆದರೆ ಆ ಅರ್ಧ ಗಂಟೆ ತೆಗೆಯಿರಿ. ತೆಗೆದರೆ ಇನ್ನೂ ಹತ್ತು ಕಟ್ಟಡಗಳಿಗೆ ಗೇಟು ಕೊಳ್ಳುತ್ತೇವೆ. ಸಿದ್ದಲಿಂಗನ ಬಾಸ್ ಲೆನ್ನಾರ್ಟ್ ಇದನ್ನು ಹೇಳಿದ್ದು ಎಲ್ಲಿ ಗೊತ್ತೇ? ಫೀಕಾದಲ್ಲಿ. ಕೆಲಸ ನಿಲ್ಲಿಸಿ ಎಲ್ಲರೂ ಒಂದೇ ಮೇಜಿಗೆ ಕೂತು ಕಾಫಿ ಕುಡಿಯುವ, ಈ ದೇಶದವರು ದೇವರ ಪೂಜೆಗಿಂತ ನಿಷ್ಠೆಯಿಂದ ನಡೆಸುವ, ಬೆಳಿಗ್ಗೆ ಒಮ್ಮೆ ಮಧ್ಯಾಹ್ನ ಒಮ್ಮೆ ಬರುವ ಬಿಡುವಿನಲ್ಲಿ. ದಾಲ್ಚಿನ್ನಿ ಬನ್ನು ಕಚ್ಚಿಕೊಂಡು ಹೇಳಿದ: "ಸಿದ್ದು, ಸೋಮವಾರದೊಳಗೆ ಆ ಟಿಕ್ ತೆಗೆದುಬಿಡು. ಸಣ್ಣ ಕೆಲಸ."

"ಅವರಿಗೆ ಬೇರೆ ಬಿಡುವೇ ಇಲ್ಲ ಲೆನ್ನಾರ್ಟ್. ಅಲ್ಲಿನ ಬಿಸಿಲು ನಾನು ನೋಡಿದ್ದೇನೆ."

"ಗೊತ್ತು, ತುಂಬ ಬೇಸರದ ವಿಷಯ. ಆದರೆ ಅದು ಅವರ ದೇಶ, ಅವರ ಕಾನೂನು."

"ಇಲ್ಲಿ ಒಬ್ಬ ಗಿರಾಕಿ ಹೀಗೆ ಕೇಳಿದ್ದರೆ?"

ಲೆನ್ನಾರ್ಟ್ ನಿಜಕ್ಕೂ ಗಾಬರಿಯಾದನಂತೆ. "ಇಲ್ಲಿಯೇ? ಇಲ್ಲಿ ಕೇಳುವುದಕ್ಕೇ ಆಗುವುದಿಲ್ಲವಲ್ಲ!"

ಆ ಲೆನ್ನಾರ್ಟ್ ರಾಕ್ಷಸನಾಗಿದ್ದರೆ ನನಗೆ ಬೈಯುವುದು ಸುಲಭವಿತ್ತು. ಒಳ್ಳೆಯ ಮನುಷ್ಯ. ಮಗುವಿಗೆ ಜ್ವರ ಬಂದರೆ ಮನೆಗೆ ಹೋಗು ಎಂದು ತಾನೇ ಕಳಿಸುವವನು. ಪರಿಸರಕ್ಕಾಗಿ ಸೈಕಲ್ಲಿನಲ್ಲಿ ಆಫೀಸಿಗೆ ಬರುವವನು. ಇಂಥವರ ಮನಸ್ಸಾಕ್ಷಿಗೂ ಒಂದು ವೀಸಾ ಬೇಕು, ಗಡಿ ದಾಟುವುದಿಲ್ಲ ಅದು. ಮನೆಯಂಗಳದಲ್ಲಿ ಇರುವೆ ತುಳಿಯದವರು, ಆಚೆ ಬೀದಿಯಲ್ಲಿ ಆನೆ ನಡೆಸಿಕೊಂಡು ಹೋಗುತ್ತಾರೆ.

ರೂಲ್ಸ್ ಸಿದ್ದು ತನಗೆ ತಿಳಿದ ರೂಲಿನ ದಾರಿ ಹಿಡಿದ. ಈ ದೇಶದಲ್ಲಿ ಕೆಲಸದ ಹೊತ್ತಿಗೆ ಸಂಬಂಧಿಸಿದ ಏನನ್ನೇ ಬದಲಾಯಿಸುವುದಿದ್ದರೂ ಮೊದಲು ಕಾರ್ಮಿಕ ಸಂಘವನ್ನು ಕೇಳಬೇಕು. ಆಫೀಸಿನ ಸಂಘದ ಪ್ರತಿನಿಧಿ ಒಬ್ಬ ಹಿರಿಯ ಹೆಂಗಸು. ಅವಳ ಮುಂದೆ ಹೋಗಿ ಎಲ್ಲ ಹೇಳಿದ. ಆಕೆ ಪೂರ್ತಿ ಕೇಳಿದಳು. ಕಣ್ಣಲ್ಲಿ ನೀರೂ ಬಂತಂತೆ. ಆಮೇಲೆ ಹೇಳಿದಳು: "ಆದರೆ ಅವರು ನಮ್ಮ ಸದಸ್ಯರಲ್ಲವಲ್ಲ."

ಕೇಳಿದಿರಾ? ಸದಸ್ಯರಲ್ಲ! ಬಿಸಿಲು ಸದಸ್ಯತ್ವದ ಚೀಟಿ ನೋಡಿ ಸುಡುತ್ತದೆಯೇ?

ಇಷ್ಟಾಗುವಾಗ ರಮಾನಂದರಿಗೆ ಸುದ್ದಿ ಮುಟ್ಟಿತು. ಮನೆಗೆ ಹೋಗುವ ರೈಲಿನಲ್ಲಿ ಸಿದ್ದಲಿಂಗನ ಪಕ್ಕ ಬಂದು ಕೂತರು. ಅಲ್ಲಿ ನಾನೂ ಇದ್ದೆ, ಎದುರಿನ ಸೀಟಿನಲ್ಲಿ.

"ಏನಯ್ಯಾ ಸಿದ್ದು, ಯೂನಿಯನ್ ತನಕ ಹೋಗಿದ್ಯಂತೆ? ಅದೊಂದು ಟಿಕ್ ಕಣಯ್ಯ. ಟೂ ಮಿನಿಟ್ಸ್ ವರ್ಕ್."

"ಸರ್, ನಾನು ಆ ಜನಾನ ನೋಡಿದೀನಿ ಸರ್."

"ನಾನ್ ನೋಡಿಲ್ವಾ? ಬೆಂಗಳೂರಲ್ಲಿ ನಮ್ಮನೆ ಕಟ್ಟೋವಾಗ್ಲೂ ಬಿಸಿಲಲ್ಲೇ ಮಾಡಿದ್ರು. ಯಾರ್ ಸತ್ರು? ಪ್ರಾಕ್ಟಿಕಲ್ ಆಗಿರು. ಡಿಸೆಂಬರ್‌ಗೆ ನಿನ್ನ ಪರ್ಮಿಟ್ ಮುಗಿಯತ್ತೆ. ಕಂಪನಿ ಲೆಟರ್ ಇಲ್ದೆ ರಿನ್ಯೂ ಆಗಲ್ಲ. ಲೆಟರ್‌ಗೆ ಸೈನ್ ಹಾಕೋರು ಯಾರು? ಲೆನ್ನಾರ್ಟ್. ನಾನು ಹೆದರಿಸ್ತಿಲ್ಲಪ್ಪ, ಅಣ್ಣನ ಥರ ಹೇಳ್ತಿದೀನಿ." ಎದ್ದು ಇಳಿಯುವ ಮೊದಲು ಹೆಗಲು ತಟ್ಟಿದರು. "ಶನಿವಾರ ದೀಪಾವಳಿ ಪ್ರೋಗ್ರಾಮಲ್ಲಿ ನಿನ್ನ ದುಬೈ ಸ್ಲೈಡ್ ಶೋ ಇದೆ, ಮರೀಬೇಡ. ಬುರ್ಜು, ಬೀಚು, ಗೋಲ್ಡ್ ಮಾರ್ಕೆಟ್ಟು ಎಲ್ಲ ಹಾಕು. ಜನ ಕಾಯ್ತಿದಾರೆ."

ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ಅಲ್ಲಿನ ಪದ್ಧತಿ. ಇಲ್ಲಿ ಬೀಗ ಇಲ್ಲ. ಪರ್ಮಿಟ್ಟಿನ ಮೇಲೆ ಕಂಪನಿಯ ಹೆಸರು ಬರೆದಿರುತ್ತಾರೆ, ಅಷ್ಟೆ. ಸಿದ್ದಲಿಂಗನಿಗೆ ಅದು ಆ ರೈಲಿನಲ್ಲಿ ಅರ್ಥವಾಯಿತು. ಅವನ ಮುಖ ನಾನು ನೋಡಿದೆ.

ಮನೆಯಲ್ಲಿ ಪಾವನಾ ಸುತ್ತಿ ಬಳಸಿ ಮಾತಾಡುವವಳಲ್ಲ. "ಅಲ್ಲಿ ಅವರಿಗೆ ಅರ್ಧ ಗಂಟೆ ಸಿಗಲಿ ಅಂತ ಇಲ್ಲಿ ನನ್ನ ಮಗಳು ದಾಗಿಸ್ ಬಿಡ್ಬೇಕಾ? ಅವಳ ಫ್ರೆಂಡ್ಸ್ ಬಿಡ್ಬೇಕಾ? ನಾನು ಎರಡು ವರ್ಷ ಸ್ವೀಡಿಷ್ ಕಲ್ತಿದ್ದು ವೇಸ್ಟಾ? ನೀವು ತೆಗೀದಿದ್ರೆ ಇನ್ನೊಬ್ರು ತೆಗೀತಾರೆ, ಅಷ್ಟೇ ಅಲ್ವಾ?" ಎಂದಳು.

ಶನಿವಾರ. ಕೊಮ್ಮೂನಿನಿಂದ, ಅಂದರೆ ಊರಿನ ಆಡಳಿತದಿಂದ, ಬಾಡಿಗೆಗೆ ಹಿಡಿದ ಶಾಲೆಯೊಂದರ ಊಟದ ಹಾಲ್. ಹೊರಗೆ ಆಗಲೇ ಕತ್ತಲು, ಒಳಗೆ ಬ್ಯಾಟರಿ ದೀಪಗಳ ಸಾಲು, ಏಕೆಂದರೆ ಎಣ್ಣೆ ದೀಪ ಹಚ್ಚಿದರೆ ಬೆಂಕಿಯ ಅಲಾರಂ ಕೂಗುತ್ತದೆ. ಬಿಸಿಬೇಳೆಬಾತಿನ ಘಮ. ರೇಷ್ಮೆ ಸೀರೆಯ ಮೇಲೆ ಜಾಕೆಟ್ಟು ಹೊದ್ದ ಹೆಂಗಸರು. ಸಿದ್ದಲಿಂಗ ಪ್ರೊಜೆಕ್ಟರ್ ಹಚ್ಚಿದ. ಮೊದಲು ಎತ್ತರದ ಕಟ್ಟಡಗಳು. ಆಮೇಲೆ ಮಾಲಿನೊಳಗಿನ ಹಿಮ.

"ಹಿಮ ನೋಡೋಕೆ ಅಲ್ಲಿಗ್ಯಾಕೆ ಹೋದೆ ಸಿದ್ದು? ನಮ್ಮ ಬಾಲ್ಕನಿಗೆ ಬರ್ಬಾರ್ದಿತ್ತಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

ಮುಂದಿನ ಚಿತ್ರ: ನೀರಿನ ಟ್ಯಾಂಕರಿನ ಕೆಳಗೆ, ಚಕ್ರಗಳ ನಡುವಿನ ನೆರಳಿನಲ್ಲಿ, ನೀಲಿ ಅಂಗಿಯವರು ಸಾಲಾಗಿ ಮಲಗಿದ್ದಾರೆ. ಹಾಲಿನಲ್ಲಿ ಗುಜುಗುಜು. ಸಿದ್ದಲಿಂಗ ಗೇಟಿನ ಕತೆ ಹೇಳತೊಡಗಿದ. ಮೆಲ್ಲಗೆ, ಬೆಂಗಳೂರಿನ ಕನ್ನಡದಲ್ಲಿ, ತಡವರಿಸುತ್ತ.

ರಮಾನಂದರು ನಗುನಗುತ್ತಲೇ ಎದ್ದರು. "ಸಿದ್ದು, ಊಟ ಆರ್ತಿದೆ ಕಣಪ್ಪ. ಗೋಲ್ಡ್ ಮಾರ್ಕೆಟ್ ತೋರ್ಸಿ ಮುಗಿಸಿಬಿಡು."

ಸುಹಾಸ್ ಎಂಬ ಹುಡುಗ, ಅದೇ ಕಂಪನಿಯವನು, ಬಂದು ವರ್ಷವೂ ಆಗಿಲ್ಲ, ಅಂದ: "ಅವರ್ಯಾರೂ ಫೋರ್ಸ್ ಮಾಡಿ ಕರ್ಕೊಂಡು ಹೋಗಿಲ್ವಲ್ಲ ಸಿದ್ದಣ್ಣ. ಊರಲ್ಲಿ ಅಷ್ಟೂ ಸಿಗಲ್ಲ, ಅದಕ್ಕೇ ಹೋಗ್ತಾರೆ. ಚಾಯ್ಸ್ ಅವರದ್ದು."

ಸಿದ್ದಲಿಂಗ ಪ್ರೊಜೆಕ್ಟರ್ ಬಿಟ್ಟು ಮುಂದೆ ಬಂದ. ಜೇಬಿನಲ್ಲಿ ಮಡಿಚಿಟ್ಟಿದ್ದ ಮಾತು ಹೊರಗೆ ಬಿತ್ತು.

"ಸುಹಾಸಾ, ನಾಲ್ಕಕ್ಕ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗಾಂವ ನೀ. ಒಂದಿನ ಐದಕ್ಕ ಮೀಟಿಂಗ್ ಇಟ್ರ 'ಇದು ಸ್ವೀಡನ್, ಇಲ್ಲಿ ಹಂಗ ನಡಿಯಂಗಿಲ್ಲ' ಅಂತ ಮೇಲ್ ಬರದಾಂವ ನೀ. ನೀನೂ ಊರಾಗ ಇಷ್ಟು ಸಿಗಂಗಿಲ್ಲ ಅಂತ ಬಂದಾಂವನ ಅಲ್ಲೇನು? ನಿನಗ ಕಾಯ್ದೆ ಐತಿ, ಅವಂಗ ಚಾಯ್ಸ್ ಐತಿ? ಈ ಹಾಲಿನ್ಯಾಗ ಕುಂತವರೊಳಗ ಫೀಕಾ ಬಿಟ್ಟು ದುಡದವರು ಒಬ್ಬರು ಕೈ ಎತ್ರಿ ನೋಡೂಣು!"

ಒಂದು ಕೈಯೂ ಏಳಲಿಲ್ಲ.

"ಸೋಮವಾರದೊಳಗ ಆ ಟಿಕ್ ತಗೀ ಅಂತ ನನಗ ಹೇಳ್ಯಾರ. ನಾ ತಗಿಯಂಗಿಲ್ಲ. ರಮಾನಂದ ಸರ್ ಇಲ್ಲೇ ಅದಾರ, ಅವರ ಮುಂದ ಹೇಳಾಕತ್ತೀನಿ."

ಜನ ಊಟದ ಸಾಲಿಗೆ ಎದ್ದರು. ಸಂಡಿಗೆ ಖಾಲಿಯಾಗುವ ಮೊದಲು ಹೋಗಬೇಕಲ್ಲ! ಸಿದ್ದಲಿಂಗನ ಹತ್ತಿರ ಬಂದವರು ಇಬ್ಬರೋ ಮೂವರೋ. ಅವರೂ ಕಿವಿಯ ಹತ್ತಿರ ಬಂದು, 'ನೀವು ಹೇಳಿದ್ದು ಸರಿ, ಆದ್ರೆ ಇಲ್ಲಿ ಬೇಡವಾಗಿತ್ತು' ಎಂದವರು. ನಮ್ಮವರಿಗೆ ಸರಿಯಾದ ಮಾತನ್ನು ಆಡಲು ಸರಿಯಾದ ಜಾಗ ಇವತ್ತಿನವರೆಗೆ ಸಿಕ್ಕಿಲ್ಲ.

ಎಲ್ಲರೂ ಒಟ್ಟಿಗೇ ಮನೆಗೆ ಬಂದೆವು. ನಮ್ಮ ಕಟ್ಟಡದ ಮೆಟ್ಟಿಲ ಬುಡದಲ್ಲಿ ಪಾವನಾ ಕೂಟಕ್ಕೆ ಒಯ್ದಿದ್ದ ಪಾತ್ರೆ ಕೆಳಗಿಟ್ಟು ಹೇಳಿದ್ದು ಇಷ್ಟು: "ಎಲ್ಲರ ಮುಂದೆ ಹೇಳೋ ಮೊದಲು ನನಗೆ ಹೇಳೋಕೆ ಏನಾಗಿತ್ತು? ನಿಮ್ಮ ಜೊತೆ ಪೆಟ್ಟಿಗೆ ಕಟ್ಟೋಳು ನಾನಲ್ವಾ?"

"ಹೇಳಿದ್ದರ ನೀ ಬ್ಯಾಡ ಅಂತಿದ್ದಿ."

"ಅಂತಿದ್ದೆ. ಅನ್ನೋ ಚಾನ್ಸಾದ್ರೂ ಕೊಡಬೇಕಿತ್ತು."

ಈ ಜಗಳದಲ್ಲಿ ನಾನು ಪಾವನಾ ಕಡೆ. ಅವನು ಮಾಡಿದ್ದು ಸರಿ. ಅವಳನ್ನು ಕೇಳದೆ ಮಾಡಿದ್ದು ತಪ್ಪು.

ಸೋಮವಾರ ಸ್ಟಾಕ್‌ಹೋಮಿನಲ್ಲಿ ಕೂತೇ ಆ ಟಿಕ್ ತೆಗೆದವರು ರಮಾನಂದರೇ. ಬಹಳ ವರ್ಷದಿಂದ ಅವರು ಕೈಯಾರೆ ಪ್ರೋಗ್ರಾಮ್ ಮುಟ್ಟಿದ್ದಿಲ್ಲ. ಚೌಕ ಎಲ್ಲಿದೆ ಎಂದು ಹುಡುಕಲು ಸುಹಾಸ್ ನೆರವಾದನಂತೆ. ಎರಡು ನಿಮಿಷದ ಕೆಲಸ ಎಂದದ್ದು ನಿಜವೇ ಆಯಿತು.

ಆ ವಾರವೇ ರಾಜಶೇಖರನ ಫೋನು. ಸಿದ್ದಲಿಂಗ ನನ್ನ ಮುಂದೆಯೇ ಎತ್ತಿಕೊಂಡ.

"ಸಾಹೇಬ್ರ, ಅವ್ವಗ ಏನಾತ್ರಿ? ಹೆಂಗ ಕಾರ್ಡು ಹಿಡದ್ರೂ ಹಸರಾ. ಕೆಟ್ಟಾಳೇನ್ರಿ? ರಿಪೇರಿಗಿ ನೀವು ಯಾವಾಗ ಬರ್ತೀರಿ?"

ಸಿದ್ದಲಿಂಗ 'ನೋಡತೀನಿ' ಎಂದ. ಇಟ್ಟುಬಿಟ್ಟ.

ಅವನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಛೆ, ಇದು ಸ್ವೀಡನ್, ಇಲ್ಲಿ ಹಾಗೆಲ್ಲ ಮಾಡುವುದಿಲ್ಲ. ಲೆನ್ನಾರ್ಟ್ ಕರೆದು ಕೂರಿಸಿ, ಕಾಫಿ ಸುರಿದು, 'ನಿನ್ನ ನಿಲುವಿಗೆ ನನ್ನ ಗೌರವವಿದೆ' ಎಂದ. ಆಮೇಲೆ, ಹೊಸ ವರ್ಷದಲ್ಲಿ ವಿಭಾಗದ ರೂಪ ಬದಲಾಗುತ್ತಿದೆ, ಹಾಗಾಗಿ ಪರ್ಮಿಟ್ಟಿನ ಪತ್ರ ಕೊಡುವುದು ಕಷ್ಟ ಎಂದ. ಕೈ ಕುಲುಕಿದ. ಸ್ಯಾಂಡ್‌ವಿಕೆನ್, ಲುಂಡ್ ಅಂತ ಬೇರೆ ಊರುಗಳಲ್ಲೂ ಸಿದ್ದಲಿಂಗ ಕೆಲಸ ಹುಡುಕಿದ. ಹೊಸ ಕಂಪನಿಯೆಂದರೆ ಪರ್ಮಿಟ್ಟಿಗೆ ಹೊಸ ಅರ್ಜಿ, ಅದೂ ದೇಶದ ಹೊರಗಿನಿಂದ ಹಾಕಬೇಕು. ಡಿಸೆಂಬರ್ ಕಾಯಲಿಲ್ಲ.

ಮೊನ್ನೆ ರಮಾನಂದರು ನನಗೆ ಫೋನು ಮಾಡಿದ್ದರು. ಕೂಟದ ಪತ್ರಿಕೆಗೆ ಸಿದ್ದಲಿಂಗನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಬೇಕಂತೆ. "ವೈಯಕ್ತಿಕ ಕಾರಣಗಳಿಂದ ತಾಯ್ನಾಡಿಗೆ ಮರಳುತ್ತಿದ್ದಾರೆ ಅಂತ ಹಾಕಿ ಸಾರ್. ಡೀಸೆಂಟಾಗಿರತ್ತೆ."

ರಮಾನಂದರೇ, ಇಗೋ ಬರೆದಿದ್ದೇನೆ. ನಾಲ್ಕು ಮಾತಿಗೆ ನಿಲ್ಲಲಿಲ್ಲ. ಇನ್ನು ವೈಯಕ್ತಿಕ ಕಾರಣ! ಮೂವತ್ತನೇ ಮಹಡಿಯಲ್ಲಿ ಸರಳು ಕಟ್ಟುವವನ ನೆರಳನ್ನು ನೀವು ಕಿತ್ತುಕೊಂಡದ್ದು ಯಾರ ವೈಯಕ್ತಿಕ ಕಾರಣಕ್ಕೆ? ಪತ್ರಿಕೆಯಲ್ಲಿ ಹಾಕುವುದಿಲ್ಲವೆಂದರೆ ಬೇಡ, ಬೇರೆ ಕಡೆ ಹಾಕುತ್ತಾರೆ.

ನಿನ್ನೆ ಅವರ ಮನೆಗೆ ಹೋಗಿದ್ದೆ. ಹಾಲಿನ ತುಂಬ ಪೆಟ್ಟಿಗೆ. ಪಾವನಾ ದಿಯಾಳ ಚಳಿಯ ಬಟ್ಟೆಗಳನ್ನು ಯಾರಿಗೆ ಕೊಡುವುದೆಂದು ವಿಂಗಡಿಸುತ್ತಿದ್ದಳು. ಮೇಜಿನ ಮೇಲೆ ಟಿಕೆಟ್ಟು. ನೋಡಿದೆ. ನೇರ ದಾರಿ ಬಿಟ್ಟು ದುಬೈ ಮೇಲೆ ಹಾದು ಹೋಗುವುದು, ಅಲ್ಲಿ ಒಂದು ಇಡೀ ಶುಕ್ರವಾರ ಇಳಿದುಕೊಳ್ಳುವುದು.

"ಇದೇನೋ ಮಾರಾಯ, ಆ ಊರಿಗೆ ಮತ್ತೆ?"

"ಶುಕ್ರವಾರ ಅವರಿಗೆ ಸೂಟಿ ಇರತೈತ್ರಿ ಅಣ್ಣಾ. ರಾಜಶೇಖರಗ ಹೇಳಬೇಕು. ಗೇಟು ಕೆಟ್ಟಿಲ್ಲ, ನಮ್ಮವರ ಕೆಡಿಸ್ಯಾರ ಅಂತ. ಅಂವ ರಿಪೇರಿಯಾಗತೈತಿ ಅಂತ ದಾರಿ ಕಾಯಾಕತ್ತಾನ. ಫೋನಿನ್ಯಾಗ ಹೇಳೂ ಮಾತಲ್ಲ ಅದು."

"ಅವನು ಬೈದರೆ?"

"ಬೈಸಿಕೊಂಡು ಬರತೀನ್ರಿ."

ಪಾವನಾ ಮಗಳ ಬೂಟು ಮಡಿಚಿದ ಕಂಬಳಿಯ ಮೇಲಿಟ್ಟು ತಲೆ ಎತ್ತಿದಳು. "ನಾನೂ ಹೋಗ್ತೀನಿ ಅಲ್ಲಿಗೆ, ಆ ಮಾಲ್‌ನಲ್ಲಿ ಕೂರಲ್ಲ. ರಾಜಶೇಖರ ಅವರು ಇವರನ್ನ ಬೈದು ಮುಗಿಸಿದ ಮೇಲೆ, ನಾನೂ ಇವರನ್ನ ಸ್ವಲ್ಪ ಬೈಯೋದಿದೆ."

ಸಿದ್ದಲಿಂಗ ಅವಳ ಮುಖ ನೋಡಿದ. ಅವಳು ನಗುತ್ತಿರಲಿಲ್ಲ.